ಗೋಡೆ ಬಿಚ್ಚಿದಾಗ ಸಿಕ್ಕಿದ್ದು: ಹಳೆಯ ಚಿತ್ರಶಾಲೆಯೊಂದರ ದುರಸ್ತಿ

ಪಡುವಣ ಗೋಡೆಗೆ ತೂಗುಹಾಕಿದ್ದ ಚಿತ್ರಗಳ ಬೆನ್ನಿಗೆ ಪ್ರತಿ ಮಳೆಗಾಲವೂ ಬೂಷ್ಟು ಹಿಡಿಯುತ್ತಿತ್ತು. ಎದುರು ಗೋಡೆಯ ಚಿತ್ರಗಳಿಗೆ ಏನೂ ಆಗುತ್ತಿರಲಿಲ್ಲ. ಬೆಂಗಳೂರಿನ ದಂಡು ಪ್ರದೇಶದ ಹಳೆಯ ಬಂಗಲೆಯೊಂದರಲ್ಲಿದ್ದ ಚಿತ್ರಶಾಲೆಯ ದುರಸ್ತಿ ಶುರುವಾದದ್ದು ಈ ಒಂದು ದೂರಿನಿಂದ. ನೀರು ತಡೆಯುವ ಕೆಮಿಕಲ್ ಬಳಿದು, ಮೇಲೆ ಹೊಸ ಬಣ್ಣ ಹೊಡೆದು ಮುಗಿಸಿ ಎಂಬುದೇ ಮೊದಲು ಬಂದ ಬೇಡಿಕೆ. ಅದಕ್ಕೂ ಮುಂಚೆ ಹಾಗೆ ಮಾಡಿ ಆಗಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಉಬ್ಬಿ ಸಿಪ್ಪೆ ಏಳುತ್ತಿತ್ತು. ಹಾಗಾಗಿ ಬಳಿಯುವ ಮಾತು ಬಿಟ್ಟು ಬಿಚ್ಚಿ ನೋಡಲು ಹೊರಟೆವು.

ಹಳೆಯ ಕಟ್ಟಡ ಬಿಚ್ಚಿದರೆ ಏನೋ ಸಿಗುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಸಿಗುವುದು ನಿಜ. ಯಾವ ಗೋಡೆ ಯಾವಾಗ ಎದ್ದಿತು, ಯಾವ ಕಿಟಕಿ ಯಾವಾಗ ಮುಚ್ಚಿತು, ನೀರು ಎಲ್ಲಿಂದ ಬಂದು ಎಲ್ಲಿ ನಿಂತಿತು, ಈ ಲೆಕ್ಕ ಸಿಗುತ್ತದೆ. ಅದೂ ಬಿಚ್ಚುವ ಕ್ರಮ ಸರಿಯಾಗಿದ್ದರೆ. ಸುತ್ತಿಗೆ, ಉಳಿ ಹಿಡಿದ ನಾಲ್ಕು ಜನ ನೂರು ವರ್ಷದ ಸಾಕ್ಷ್ಯವನ್ನು ಒಂದೇ ದಿನದಲ್ಲಿ ಚೀಲಕ್ಕೆ ತುಂಬಿ ಲಾರಿಗೆ ಹಾಕಿಬಿಡಬಹುದು. ನಮ್ಮ ಕಡೆ ಬಹುಪಾಲು ದುರಸ್ತಿ ನಡೆಯುವುದು ಹಾಗೆಯೇ. ಅದಕ್ಕೇ ಈ ಕೆಲಸದ ಕ್ರಮವನ್ನು ಬಿಡಿಸಿ ಬರೆಯುತ್ತಿದ್ದೇವೆ.

ಚಿತ್ರಗಳನ್ನೆಲ್ಲ ಇಳಿಸಿ ಬೇರೆ ಕಡೆ ಸಾಗಿಸಿದ ಮೇಲೆ ಮೊದಲು ಮಾಡಿದ ಕೆಲಸ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು. ಪ್ರತಿ ಗೋಡೆಯನ್ನೂ ಒಂದೊಂದು ಮೀಟರಿನ ಚೌಕಗಳಾಗಿ ಭಾಗ ಮಾಡಿ, ಕೋಣೆ, ದಿಕ್ಕು, ಚೌಕದ ಸಂಖ್ಯೆ ಬರೆದು ಫೋಟೊ ತೆಗೆಯಬೇಕು. ಮುಂದೆ ಏನೇ ಸಿಕ್ಕರೂ, ಒಂದು ಮೊಳೆಯಾದರೂ ಸರಿ, ಆ ಸಂಖ್ಯೆ ಬರೆದ ಚೀಟಿಯ ಜೊತೆಗೇ ಪೊಟ್ಟಣಕ್ಕೆ ಹೋಗಬೇಕು. ಎಲ್ಲಿ ಸಿಕ್ಕಿತೆಂದು ಗೊತ್ತಿಲ್ಲದ ವಸ್ತು ಸಾಕ್ಷಿ ಹೇಳುವುದಿಲ್ಲ.

ಆಮೇಲೆ ತಟ್ಟಿ ನೋಡುವುದು. ಬೆರಳ ಗೆಣ್ಣಿನಿಂದಲೋ ಮರದ ಸಣ್ಣ ಕೊಡತಿಯಿಂದಲೋ ಪ್ರತಿ ಚೌಕವನ್ನೂ ತಟ್ಟುತ್ತ ಹೋದರೆ, ಸಾರಣೆ ಇಟ್ಟಿಗೆಯನ್ನು ಬಿಟ್ಟುಕೊಂಡ ಕಡೆ ಪೊಳ್ಳು ಸದ್ದು ಬರುತ್ತದೆ. ಪೊಳ್ಳಿನ ಅಂಚನ್ನು ಬಣ್ಣದ ಸೀಮೆಸುಣ್ಣದಲ್ಲಿ ಗುರುತು ಮಾಡುತ್ತ ಹೋದಾಗ ಪಡುವಣ ಗೋಡೆಯ ಮೇಲೆ ನಕ್ಷೆಯೊಂದು ತಾನಾಗಿ ಮೂಡಿತು. ನೆಲದಿಂದ ಐದಡಿವರೆಗೆ ಹೆಚ್ಚುಕಡಿಮೆ ಎಲ್ಲ ಪೊಳ್ಳು. ಅದರ ಮೇಲೆ ಗಟ್ಟಿ. "ಕೆಳಗಿಂದು ಗಾರೆ ಅಲ್ಲ ಸಾರ್, ಸಿಮೆಂಟು. ಸದ್ದೇ ಬೇರೆ" ಎಂದು ಗಾರೆ ಮೇಸ್ತ್ರಿ ತಟ್ಟಿದ ಕೂಡಲೇ ಹೇಳಿದರು. ಬಿಚ್ಚಿ ನೋಡುವ ಮೊದಲೇ ಅವರ ಕಿವಿಗೆ ಅದು ಗೊತ್ತಾಗಿತ್ತು.

ಬಣ್ಣದ ಪದರಗಳನ್ನು ಓದುವುದು ಮೂರನೆಯ ಹಂತ. ಸರ್ಜರಿ ಬ್ಲೇಡಿನಲ್ಲಿ ಒಂದೊಂದೇ ಪದರ ಬಿಡಿಸಿ, ಪ್ರತಿ ಪದರವೂ ಎರಡು ಸೆಂಟಿಮೀಟರು ಕಾಣುವಂತೆ ಮೆಟ್ಟಿಲು ಮಾಡುತ್ತ ಒಳಕ್ಕೆ ಹೋಗಬೇಕು. ಒಂದು ಗೋಡೆಗೆ ಒಂದು ಮೆಟ್ಟಿಲು ಸಾಲದು. ಮೊಣಕಾಲಿನ ಮಟ್ಟ, ಎದೆಯ ಮಟ್ಟ, ಸೂರಿನ ಹತ್ತಿರ, ಹೀಗೆ ಮೂರು ಕಡೆ ಮಾಡಬೇಕು. ಕೈಗೆಟುಕುವ ಭಾಗವನ್ನು ಜನ ಪದೇಪದೇ ಕೆರೆದು ಬಳಿಯುತ್ತಾರೆ. ಏಣಿ ಬೇಕಾಗುವ ಕಡೆ ಕೆರೆಯುವ ಗೋಜಿಗೆ ಹೋಗದೆ ಹಳೆಯದರ ಮೇಲೇ ಬಳಿಯುತ್ತಾರೆ. ಆದ್ದರಿಂದ ಕಟ್ಟಡದ ಪೂರ್ತಿ ಚರಿತ್ರೆ ಉಳಿದಿರುವುದು ಸೂರಿನ ಕೆಳಗಿನ ಒಂದಡಿಯಲ್ಲಿ.

ಇಲ್ಲೂ ಹಾಗೇ ಆಯಿತು. ಮೇಲಿನ ಮೆಟ್ಟಿಲಿನಲ್ಲಿ ಪ್ಲಾಸ್ಟಿಕ್ ಎಮಲ್ಷನ್, ಅದರಡಿ ಡಿಸ್ಟೆಂಪರ್, ಅದರಡಿ ನೀಲಿ ಬೆರೆಸಿದ ಸುಣ್ಣದ ಹಲವು ಪದರ, ಅದಕ್ಕೂ ಕೆಳಗೆ ಹಳದಿ ಮಣ್ಣಿನ ಬಣ್ಣ, ಕೊನೆಗೆ ಬಿಳಿ ಸುಣ್ಣ, ಸುಣ್ಣದ ಗಾರೆ. ಕೆಳಗಿನ ಮೆಟ್ಟಿಲಿನಲ್ಲಿ ಎಮಲ್ಷನ್, ಪುಟ್ಟಿ, ಸಿಮೆಂಟು, ನೇರವಾಗಿ ಇಟ್ಟಿಗೆ. ನೀಲಿ ಸುಣ್ಣ, ಡಿಸ್ಟೆಂಪರ್ ಎರಡೂ ಸಿಮೆಂಟಿನ ಅಂಚಿಗೆ ಬಂದು ಕತ್ತರಿಸಿದಂತೆ ನಿಂತಿದ್ದವು. ಸಿಮೆಂಟಿನ ಮೇಲಿನ ಮೊದಲ ಬಣ್ಣವೇ ಎಮಲ್ಷನ್. ಹಾಗಾದರೆ ಕೆಳಗಿನ ಗಾರೆ ಕಿತ್ತು ಸಿಮೆಂಟು ಮೆತ್ತಿದ್ದು ಇತ್ತೀಚಿನ ಕೆಲಸ, ಬಂಗಲೆ ಚಿತ್ರಶಾಲೆಯಾದ ಮೇಲಿನದು. ತೇವವನ್ನು ತಡೆಯಲೆಂದೇ ಮೆತ್ತಿರಬೇಕು.

ಹಳದಿ ಬಣ್ಣದ ಪದರದಲ್ಲಿ ಇನ್ನೊಂದು ಸಿಕ್ಕಿತು. ಸೂರಿನಿಂದ ಒಂದೂವರೆ ಅಡಿ ಕೆಳಗೆ ಇಟ್ಟಿಗೆ ಕೆಂಪು, ಎಲೆ ಹಸಿರು ಬಣ್ಣಗಳಲ್ಲಿ ಬಳ್ಳಿಯ ಪಟ್ಟಿ. ಸ್ಟೆನ್ಸಿಲ್ ಕೆಲಸ. ಒಂದೇ ಎಲೆಯ ತುದಿ ಒಂದೇ ಅಳತೆಗೆ ಒಂದೇ ರೀತಿ ಮುರಿದು ಮತ್ತೆ ಮತ್ತೆ ಬರುತ್ತಿತ್ತು. ಕತ್ತರಿಸಿದ ಹಾಳೆಯಲ್ಲಿದ್ದ ದೋಷ ಗೋಡೆಯುದ್ದಕ್ಕೂ ಅಚ್ಚಾಗಿತ್ತು. ಪಟ್ಟಿಯ ಮೇಲೂ ಕೆಳಗೂ ಕಾವಿಯಲ್ಲಿ ಅದ್ದಿದ ದಾರ ಬಿಗಿದು ಚಿಮ್ಮಿಸಿದ ಗೆರೆ, ಅದರ ಸುತ್ತ ಸಣ್ಣ ಹನಿಗಳು.

ಇಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಹಳೆಯ ಡಿಸ್ಟೆಂಪರಿನಂತೆ ಈ ಬಳ್ಳಿಯಲ್ಲೂ ಬಣ್ಣವನ್ನು ಹಿಡಿದಿಡುವುದು ಅಂಟು. ನೀರು ತಾಗಿದರೆ ಕರಗುತ್ತದೆ. ಮೇಲಿನ ಪದರ ಮೆದುವಾಗಲೆಂದು ಒದ್ದೆ ಬಟ್ಟೆ ಹಚ್ಚಿದ ಕಡೆ ಅಂಗೈಯಗಲದಷ್ಟು ಬಳ್ಳಿ ಬಟ್ಟೆಗೇ ಬಂದುಬಿಟ್ಟಿತು. ಯಾವ ಪದರವೇ ಆಗಲಿ, ಮೊದಲು ಮರೆಯ ಜಾಗದಲ್ಲಿ ಒದ್ದೆ ಬೆರಳು ಸವರಿ ನೋಡಬೇಕು. ಬೆರಳಿಗೆ ಬಣ್ಣ ಹತ್ತಿದರೆ ನೀರು, ಹಬೆ ಎರಡೂ ನಿಷಿದ್ಧ, ಒಣ ಬ್ಲೇಡೇ ಗತಿ. ದಿನಕ್ಕೆ ಒಬ್ಬರಿಗೆ ಒಂದು ಚದರಡಿ ಆದರೆ ಹೆಚ್ಚು. ಬಾಗಿಲು, ಕಿಟಕಿಯ ಹಳೆಯ ಎಣ್ಣೆಬಣ್ಣದ ಮಾತು ಇನ್ನೂ ಬೇರೆ. ಅದರಲ್ಲಿ ಸೀಸ ಇದೆಯೆಂದೇ ತಿಳಿದು ನಡೆಯಬೇಕು. ಒಣ ಮರಳುಕಾಗದ ಉಜ್ಜಬಾರದು, ಬೆಂಕಿ ಹಿಡಿಯಬಾರದು. ಒದ್ದೆ ಮಾಡಿ ಕೆರೆದು, ಸಿಪ್ಪೆಯನ್ನು ಚೀಲದಲ್ಲಿ ಕಟ್ಟಿ ಪ್ರತ್ಯೇಕವಾಗಿ ವಿಲೇವಾರಿ ಮಾಡಬೇಕು. ಬಟ್ಟೆಯ ಮಾಸ್ಕು ಇದಕ್ಕೆ ಸಾಲದು.

ಬಳ್ಳಿ ಸಿಕ್ಕಿತೆಂದು ಎಲ್ಲವನ್ನೂ ಬಿಚ್ಚಿ ತೋರಿಸಬೇಕಾಗಿಲ್ಲ. ಇದು ಚಿತ್ರ ತೂಗುಹಾಕುವ ಗೋಡೆ. ಸುತ್ತ ಬಣ್ಣದ ಪಟ್ಟಿ ಇದ್ದರೆ ಚಿತ್ರದ ಮೇಲೆ ಕಣ್ಣು ನಿಲ್ಲುವುದಿಲ್ಲ. ಮೂಲೆಯಲ್ಲಿ ಒಂದು ಮೀಟರು ಮಾತ್ರ ತೆರೆದಿಟ್ಟು, ಉಳಿದದ್ದನ್ನು ಮೇಲಿನ ಪದರಗಳಡಿಯಲ್ಲೇ ಬಿಟ್ಟೆವು. ಮೇಲಿನ ಪದರವೇ ಅದಕ್ಕೆ ಹೊದಿಕೆ. ಮೈಸೂರಿನ ಜಗನ್ಮೋಹನ ಅರಮನೆಯ ಸಂಗತಿ ಬೇರೆ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮುಗಿದ ಆ ಕಟ್ಟಡ 1915ರಿಂದ ಚಿತ್ರಶಾಲೆ. ಅಲ್ಲಿ ಒಡೆಯರ ವಂಶವೃಕ್ಷದ ಚಿತ್ರ ಗೋಡೆಯ ಮೇಲೇ ಇದೆ, ಗೋಡೆಯೇ ಸಂಗ್ರಹದ ಭಾಗ. ಎಲ್ಲ ಹಳೆಯ ಗೋಡೆಗೂ ಒಂದೇ ನಿಯಮ ಹೊಂದುವುದಿಲ್ಲ.

ಇನ್ನು ತೇವ. ತೇವ ಅಳೆಯುವ ವಿದ್ಯುತ್ ಮೀಟರನ್ನು ಗೋಡೆಗೆ ಒತ್ತಿ ಅಂಕಿ ಓದುವುದು ಸುಲಭ, ಆದರೆ ಉಪ್ಪು ತುಂಬಿದ ಗೋಡೆಯಲ್ಲಿ ಅದು ಇಲ್ಲದ ನೀರನ್ನೂ ತೋರಿಸುತ್ತದೆ. ನಂಬಬಹುದಾದದ್ದು ತೂಕದ ಲೆಕ್ಕ. ನಿಧಾನ ವೇಗದಲ್ಲಿ ಡ್ರಿಲ್ ಮಾಡಿ, ಬಂದ ಪುಡಿಯನ್ನು ತಕ್ಷಣ ಗಾಳಿಯಾಡದ ಡಬ್ಬಿಗೆ ಹಾಕಿ ತೂಗಿ, 105 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗಬೇಕು. ವೇಗ ಹೆಚ್ಚಾದರೆ ಡ್ರಿಲ್ಲಿನ ಮೊನೆ ಬಿಸಿಯಾಗಿ ಅಲ್ಲೇ ನೀರು ಆವಿಯಾಗುತ್ತದೆ, ಲೆಕ್ಕ ತಪ್ಪುತ್ತದೆ. ಒಂದಡಿ, ಮೂರಡಿ, ಐದಡಿ, ಏಳಡಿ ಎತ್ತರದಲ್ಲಿ, ಪ್ರತಿಯೊಂದರಲ್ಲೂ ಎರಡು, ನಾಲ್ಕು, ಎಂಟು ಇಂಚಿನ ಆಳದಿಂದ ಪುಡಿ ತೆಗೆದೆವು. ಗೋಡೆಯ ದಪ್ಪ 18 ಇಂಚು.

ಓದುವ ಬಗೆ ಹೀಗೆ. ಕೆಳಗೆ ಹೆಚ್ಚು, ಮೇಲೆ ಹೋದಂತೆ ಕಡಿಮೆ ಆದರೆ ನೆಲದಿಂದ ಹೀರಿದ ನೀರು. ಮೇಲೆ ಹೆಚ್ಚು, ಕೆಳಗೆ ಕಡಿಮೆಯಾದರೆ ಸೂರಿನ ಸೋರಿಕೆ. ಮೇಲ್ಮೈ ಒದ್ದೆ, ಒಳಗೆ ಒಣಗಿದ್ದರೆ ಕೋಣೆಯ ಗಾಳಿಯ ಆವಿ ತಂಪಾದ ಗೋಡೆಯ ಮೇಲೆ ನೀರಾಗಿದೆ. ಪಡುವಣ ಗೋಡೆಯಲ್ಲಿ ಮೊದಲನೆಯದು ಸ್ಪಷ್ಟವಾಗಿತ್ತು. ಒಂದೇ ಕಡೆ ಮಾತ್ರ ಏಳಡಿಯ ಪುಡಿ ಐದಡಿಯದಕ್ಕಿಂತ ಒದ್ದೆಯಿತ್ತು. ಅಲ್ಲಿ ಬಿಚ್ಚಿದಾಗ ಏಸಿಯ ನೀರು ಹೊರಹೋಗುವ ಸಣ್ಣ ಪೈಪು ಗೋಡೆಯೊಳಗೇ ಕೀಲು ಬಿಟ್ಟಿತ್ತು.

ಸಿಮೆಂಟು ತೆಗೆಯುವುದಕ್ಕೆ ತಾಳ್ಮೆ ಬೇಕು. ಅಂಟಿಕೊಂಡ ಕಡೆ ಅದು ತನ್ನ ಹಿಂದಿನ ಇಟ್ಟಿಗೆಗಿಂತ ಗಟ್ಟಿ. ಹೊಡೆದರೆ ಇಟ್ಟಿಗೆಯ ಮುಖವೇ ಕಿತ್ತುಬರುತ್ತದೆ. ಸಾರಣೆಯ ದಪ್ಪಕ್ಕಿಂತ ಸ್ವಲ್ಪ ಕಡಿಮೆ ಆಳಕ್ಕೆ ಕಟರಿನಲ್ಲಿ ಅಡಿಗೊಂದು ಗೆರೆ ಕೊಯ್ದು, ಪೊಳ್ಳಿರುವ ಕಡೆಯಿಂದ ಚಪ್ಪಟೆ ಉಳಿ ತೂರಿಸಿ ಮೇಲಿಂದ ಕೆಳಕ್ಕೆ ಒಂದೊಂದೇ ಬಿಲ್ಲೆ ಎಬ್ಬಿಸಿದೆವು. ಹಿಂದೆ ಕಂಡದ್ದು ಕೆಂಪು ಪುಡಿ. ಇಟ್ಟಿಗೆಯ ಮುಖ ಅರ್ಧದಿಂದ ಒಂದು ಇಂಚಿನವರೆಗೆ ಹಿಟ್ಟಾಗಿತ್ತು. ಅದರ ನಡುವೆ ಹತ್ತಿಯಂತೆ ಬಿಳಿ ಉಪ್ಪು. ಬೆಂಗಳೂರಿನ ಈ ಬಗೆಯ ಬಂಗಲೆಗಳಲ್ಲಿ ಇಟ್ಟಿಗೆ ಕಟ್ಟಿರುವುದು ಹೆಚ್ಚಾಗಿ ಮಣ್ಣಿನಲ್ಲಿ. ಮೇಲೆ ಗಾರೆಯ ಹೊದಿಕೆ. ಗಾರೆ ಉಸಿರಾಡುತ್ತದೆ. ಗೋಡೆ ಹೀರಿದ ನೀರು ಅದರ ಮೂಲಕ ಆವಿಯಾಗುತ್ತದೆ, ಉಪ್ಪು ಗಾರೆಯ ಮೇಲ್ಮೈಯಲ್ಲಿ ಮೂಡುತ್ತದೆ, ಕೆಡುವುದು ಗಾರೆ ಮಾತ್ರ. ಸಿಮೆಂಟು ಆವಿಯನ್ನು ಸುಲಭಕ್ಕೆ ಬಿಡುವುದಿಲ್ಲ. ನೀರು ಹಿಂದೆಯೇ ನಿಂತು, ಉಪ್ಪು ಇಟ್ಟಿಗೆಯೊಳಗೆ ಹರಳಾಗಿ ಹಿಗ್ಗಿ, ಇಟ್ಟಿಗೆಯನ್ನು ಒಳಗಿಂದ ಒಡೆಯುತ್ತದೆ. ದಾರಿ ಸಿಗದ ನೀರು ಮೇಲಕ್ಕೆ ಹತ್ತಿ ಸಿಮೆಂಟು ಮುಗಿಯುವ ಕಡೆ ಹೊರಬೀಳುತ್ತದೆ. ಚಿತ್ರಗಳನ್ನು ತೂಗುಹಾಕುತ್ತಿದ್ದುದು ಸರಿಯಾಗಿ ಆ ಎತ್ತರದಲ್ಲೇ. ತೇವ ತಡೆಯಲು ಮೆತ್ತಿದ ಸಿಮೆಂಟೇ ತೇವವನ್ನು ಚಿತ್ರಗಳ ಬೆನ್ನಿಗೆ ಏರಿಸಿತ್ತು.

ಆದರೂ ಒಂದು ಪ್ರಶ್ನೆ ಉಳಿಯಿತು. ನಾಲ್ಕೂ ಗೋಡೆಗೆ ಸಿಮೆಂಟು ಮೆತ್ತಿದ್ದಾರೆ, ಪಡುವಣದಲ್ಲಿ ಮಾತ್ರ ಯಾಕೆ ಇಷ್ಟು ನೀರು?

ಉತ್ತರ ಸಿಕ್ಕಿದ್ದು ಹೊರಗಿನ ನೆಲದಲ್ಲಿ. ಆ ಕಡೆ ವಾಹನ ನಿಲ್ಲಿಸಲು ಕಾಂಕ್ರೀಟು ಹಾಕಿ ಅದರ ಮೇಲೆ ಪೇವರ್ ಕೂರಿಸಿದ್ದರು. ಗೋಡೆಗೆ ತಾಗಿದಂತೆ ಮೂರಡಿ ಉದ್ದ, ಎರಡಡಿ ಅಗಲದ ಪರೀಕ್ಷಾ ಗುಂಡಿ ತೆಗೆದಾಗ ಮೊದಲು ಪೇವರ್, ಮರಳು, ಕಾಂಕ್ರೀಟು, ಆಮೇಲೆ ಕಟ್ಟಡದ ಕಸ ತುಂಬಿದ ಮಣ್ಣು. ಹದಿನಾಲ್ಕು ಇಂಚು ಕೆಳಗೆ ಉಳಿ ಹೊಡೆದ ಕಲ್ಲಿನ ಮೋರಿ ಕಂಡಿತು. ಒಂದೇ ಕಲ್ಲಿನಲ್ಲಿ ದೋಣಿಯಂತೆ ತೋಡಿದ ತುಂಡುಗಳು, ತುದಿಗೆ ತುದಿ ಸೇರಿಸಿ ಕೂರಿಸಿದ್ದು. ಅದರ ಪಕ್ಕದಲ್ಲೇ ಕಟ್ಟಡದ ಕಗ್ಗಲ್ಲಿನ ಪಾಯದ ಮೇಲ್ಸಾಲು, ಅದರ ಮೇಲೆ ಇಟ್ಟಿಗೆ. ಅಂದರೆ ಕಲ್ಲಿನ ಮೇಲಿರಬೇಕಾದ ಇಟ್ಟಿಗೆ ಗೋಡೆಯೇ ನೆಲದೊಳಗೆ ಹೂತಿತ್ತು. ಮಳೆ ನೀರು ಸೂರಿನಿಂದ ಬಿದ್ದು, ಹೋಗಲು ಮೋರಿಯಿಲ್ಲದೆ, ಮಣ್ಣಿನ ಗಾರೆಯ ಇಟ್ಟಿಗೆಗೇ ಇಂಗುತ್ತಿತ್ತು.

ಮೋರಿಯ ಉದ್ದಕ್ಕೂ ನೀರುಮಟ್ಟ ಹಿಡಿದು ನೋಡಿದಾಗ ಇಳಿಜಾರು ಕೆಟ್ಟಿರಲಿಲ್ಲ. ಹೂಳು ತೆಗೆದು ಒಂದು ಬಿಂದಿಗೆ ನೀರು ಸುರಿದರೆ ತುದಿಯವರೆಗೆ ತಾನೇ ಹರಿಯಿತು. ಈ ಕಟ್ಟಡದಲ್ಲಿ ಸಿಕ್ಕಿದ ಎಲ್ಲದರಲ್ಲೂ ನಮಗೆ ಹೆಚ್ಚು ಬೆಲೆಯದೆನಿಸಿದ್ದು ಈ ಮೋರಿ. ಕಟ್ಟಿದವರಿಗೆ ನೀರಿನ ದಾರಿ ಗೊತ್ತಿತ್ತು, ಆಮೇಲಿನವರು ಅದನ್ನು ಮುಚ್ಚಿದರು.

ಪಾಯದ ಹತ್ತಿರ ಅಗೆಯುವಾಗ ಒಂದು ಎಚ್ಚರ. ಮಣ್ಣಿನಲ್ಲಿ ಕಟ್ಟಿದ ಗೋಡೆಯ ಬುಡವನ್ನು ಉದ್ದಕ್ಕೆ ಒಟ್ಟಿಗೆ ತೆರೆಯಬಾರದು. ಒಂದು ಮೀಟರು ತೆರೆದು, ಮುಂದಿನ ಎರಡು ಮೀಟರು ಬಿಟ್ಟು, ಇನ್ನೊಂದು ಮೀಟರು ತೆರೆಯಬೇಕು. ಪಾಯದ ತಳಕ್ಕಿಂತ ಕೆಳಗೆ ಎಂದೂ ಇಳಿಯಬಾರದು. ಮಳೆಗಾಲದಲ್ಲಿ ಈ ಕೆಲಸವನ್ನೇ ಹಿಡಿಯಬಾರದು.

ಒಳಗೆ, ಚಿತ್ರ ತೂಗುಹಾಕಲು ನಿಲ್ಲಿಸಿದ್ದ ಪ್ಲೈವುಡ್, ಜಿಪ್ಸಮ್ ಹಲಗೆಗಳನ್ನು ಬಿಚ್ಚಿದಾಗ ಹಿಂದೆ ಕಿಟಕಿಗಳಿದ್ದವು, ತೇಗದ ಚೌಕಟ್ಟು, ಜಿಲ್ಮಿಲಿ (ಗಾಳಿಗೆ ಓರೆಯಾಗಿ ಜೋಡಿಸಿದ ಮರದ) ಪಟ್ಟಿಗಳ ಸಮೇತ. ಒಂದರ ಕೆಳಗಿನ ಹೊಸ್ತಿಲನ್ನು ಗೆದ್ದಲು ತಿಂದಿದ್ದು ಬಿಟ್ಟರೆ ಉಳಿದವು ಗಟ್ಟಿ. ಹಲಗೆಯ ಹಿಂಬದಿ ಪೂರ್ತಿ ಕಪ್ಪು ಬೂಷ್ಟು. ಗೋಡೆಗೂ ಹಲಗೆಗೂ ನಡುವಿನ ಎರಡು ಇಂಚಿನ ಸಂದಿಯಲ್ಲಿ ಗಾಳಿಯೇ ಆಡಿರಲಿಲ್ಲ. ಸುಮಾರು ಹನ್ನೆರಡು ಅಡಿ ಎತ್ತರದಲ್ಲಿ ಹಗ್ಗ ಎಳೆದರೆ ನಡುಕೀಲಿನ ಮೇಲೆ ತಿರುಗುವ ವೆಂಟಿಲೇಟರುಗಳು. ಅವಕ್ಕೆ ತಗಡು ಹೊಡೆದು ಮುಚ್ಚಿದ್ದರು, ಪಾರಿವಾಳದ ಕಾಟಕ್ಕೆ ಇರಬೇಕು. ತಗಡು ತೆಗೆದು, ಕಿಟಕಿಯ ಬುಡದಲ್ಲಿ ಊದುಬತ್ತಿ ಹಚ್ಚಿ ಹಿಡಿದೆವು. ಹೊಗೆ ಒಳಗೆ ಬಾಗಿ, ಮೇಲಕ್ಕೆದ್ದು, ವೆಂಟಿಲೇಟರಿನಿಂದ ಹೊರಹೋಯಿತು. ಗಾಳಿಯ ದಾರಿ ನೋಡಲು ಇದಕ್ಕಿಂತ ಒಳ್ಳೆಯ ಉಪಕರಣ ಬೇಕಿಲ್ಲ. ಈಗ ಪಾರಿವಾಳಕ್ಕೆ ಸ್ಟೀಲ್ ಜಾಲರಿ ಹೊಡೆದಿದೆ.

ಫಾಲ್ಸ್ ಸೀಲಿಂಗ್ ಇಳಿಸಿದ ದಿನ ಜಂತೆಗಳ ಸಾಲು ಕಣ್ಣಿಗೆ ಬಿತ್ತು. ಜಂತೆಗಳ ಕೆಳಗೆ ಅಳತೆ ತಪ್ಪದ ದೂರದಲ್ಲಿ ಕಬ್ಬಿಣದ ಕೊಕ್ಕೆಗಳು. ಜಗುಲಿಯ ಕಡೆಯ ಗೋಡೆಯಲ್ಲಿ, ಕೊಕ್ಕೆಗಳ ನೇರಕ್ಕೆ, ಹೊರಕ್ಕೆ ಇಳಿಜಾರಾದ ಒಂದು ತೂತು. ಅದರ ಕೆಳ ಅಂಚು ಹಗ್ಗ ಉಜ್ಜಿ ಉಜ್ಜಿ ನುಣುಪಾಗಿತ್ತು. ಬಟ್ಟೆಯ ಪಂಖಾ ತೂಗುಹಾಕುತ್ತಿದ್ದ ಕೊಕ್ಕೆಗಳವು. ಹೊರಗೆ ಜಗುಲಿಯಲ್ಲಿ ಕೂತು ದಿನವಿಡೀ ಹಗ್ಗ ಎಳೆಯುತ್ತಿದ್ದವರ ಗುರುತಾಗಿ ಈ ಕಟ್ಟಡದಲ್ಲಿ ಉಳಿದಿರುವುದು ಆ ಸವೆದ ಅಂಚೊಂದೇ. ತೂತನ್ನು ಮುಚ್ಚಲಿಲ್ಲ.

ಅದೇ ಜಂತೆಗಳ ಮೇಲೆ ಮರದ ಕೇಸಿಂಗ್, ತಂತಿ ಹಿಡಿದಿಡುವ ಪಿಂಗಾಣಿ ಕ್ಲೀಟು, ಬಟ್ಟೆ ಸುತ್ತಿದ ರಬ್ಬರು ತಂತಿ. ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ ಬಂದು ಬೀದಿ ದೀಪ ಹತ್ತಿದ್ದು 1905ರ ಆಗಸ್ಟಿನಲ್ಲಿ. ತಂತಿಯ ಕ್ಲೀಟಿಗೆ ಹೊಡೆದ ತಿರುಪು ಕೊಕ್ಕೆಯ ಸುತ್ತಲಿನ ಹಳೆಯ ಬಣ್ಣವನ್ನು ಸೀಳಿ ಕೂತಿತ್ತು. ಕೊಕ್ಕೆ ಮೊದಲು, ಬಣ್ಣ ಆಮೇಲೆ, ತಂತಿ ಅದಕ್ಕೂ ಆಮೇಲೆ. ತಂತಿ 1905ಕ್ಕಿಂತ ಹಿಂದಿನದಾಗಿರಲಾರದು, ಕಟ್ಟಡ ಆ ತಂತಿಗಿಂತ ಹಳೆಯದು ಎಂದಷ್ಟೇ ಧೈರ್ಯವಾಗಿ ಹೇಳಬಹುದು. ಒಂದು ಮಾತು: ಹಳೆಯ ತಂತಿ ಸತ್ತಿದೆ ಎಂದು ಭಾವಿಸಬೇಡಿ. ಹೊಸ ವೈರಿಂಗ್ ಮಾಡಿದವರು ಅದರ ಒಂದು ತುದಿಯನ್ನು ಎಲ್ಲೋ ಸೇರಿಸಿಟ್ಟಿರುತ್ತಾರೆ. ಇಲ್ಲಿ ಟೆಸ್ಟರು ಇಟ್ಟಾಗ ದೀಪ ಹತ್ತಿತು.

ತಾರಸಿಯದು ಭಾರದ ಕಥೆ. ಮದ್ರಾಸ್ ತಾರಸಿ ಕಟ್ಟುವ ಕ್ರಮ ಹೀಗೆ: ತೇಗದ ಜಂತೆ, ಅದರ ಮೇಲೆ ತೆಳು ತಾರಸಿ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಅಂಚು ಮೇಲಾಗಿ, ಜಂತೆಗೆ ಓರೆಯಾಗಿ ಕೂರಿಸುತ್ತಾರೆ, ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಬೆರೆಸಿದ ಮೂರು ನಾಲ್ಕು ಇಂಚಿನ ಪದರ ಹಾಕಿ, ಬೆಲ್ಲ, ಅಳಲೆಕಾಯಿ ನೀರು ಚಿಮುಕಿಸುತ್ತ ದಿನಗಟ್ಟಲೆ ಮರದ ದಿಮ್ಮಿಸಿನಿಂದ ಬಡಿಯುತ್ತಾರೆ, ಕೊನೆಗೆ ಚಪ್ಪಟೆ ಬಿಲ್ಲೆ. ತಾರಸಿಯನ್ನು ಕೊರೆದು ನಾಲ್ಕು ಇಂಚು ಅಗಲದ ಉರುಳೆ ತುಂಡು (ಕೋರ್) ತೆಗೆದಾಗ ಈ ಹಳೆಯ ಪದರಗಳ ಮೇಲೆ ಡಾಂಬರು, ಜಾಲರಿ ಹಾಕಿದ ಸಿಮೆಂಟು, ಮತ್ತೆ ಸಿಮೆಂಟು, ಮೇಲೆ ಬಿಳಿ ಅಕ್ರಿಲಿಕ್ ಸಿಕ್ಕಿತು. ಸೋರಿದಾಗಲೆಲ್ಲ ಒಂದು ಪದರ ಏರಿಸಿದ್ದರು. ಸೇರಿಸಿದ ಸಿಮೆಂಟೇ ಮೂರು ಇಂಚು. ಚದರ ಮೀಟರಿಗೆ ಸುಮಾರು 160 ಕೆ.ಜಿ. 30 ಅಡಿಗೆ 20 ಅಡಿಯ ಹಾಲ್ ಅದು. ಲೆಕ್ಕ ಹಾಕಿದರೆ ಒಂಬತ್ತು ಟನ್ನಿನ ಹತ್ತಿರ, ಬೇಡದ ಭಾರ. ಜಂತೆಗಳು ನಡುವೆ ಬಾಗಿದ್ದು ಮರ ಹಳತಾಗಿದ್ದಕ್ಕಲ್ಲ.

ಜಂತೆ ಕೆಡುವುದು ನಡುವೆ ಅಲ್ಲ, ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಅಲ್ಲಿ ಗಾಳಿಯಿಲ್ಲ, ತೇವ ಇದೆ. ದಬ್ಬಳದಿಂದ ಚುಚ್ಚಿ ನೋಡಿದರೆ ಗಟ್ಟಿ ತೇಗದಲ್ಲಿ ಮೊನೆ ಮಾತ್ರ ಕೂರುತ್ತದೆ. ಅರ್ಧ ಇಂಚು ಸಲೀಸಾಗಿ ಇಳಿದರೆ ಕೊಳೆತಿದೆ. ಮೂರು ಜಂತೆಗಳ ಪಡುವಣ ತುದಿ ಹಾಗಿತ್ತು. ಜಾಕಿ ಕಂಬ ಕೊಟ್ಟು, ಮೊದಲು ಮೇಲಿನ ಭಾರ ಇಳಿಸಿ, ಕೊಳೆತಷ್ಟನ್ನೇ ಕತ್ತರಿಸಿ, ಹಳೆಯ ತೇಗದ ತುಂಡನ್ನು ಓರೆ ಬೆಸುಗೆಯಲ್ಲಿ ಜೋಡಿಸಿ, ಎರಡೂ ಬದಿಗೆ ಸ್ಟೇನ್‌ಲೆಸ್ ಪಟ್ಟಿ ಬೋಲ್ಟ್ ಮಾಡಲಾಯಿತು. ಗೋಡೆಯಲ್ಲಿ ತುದಿಯ ಸುತ್ತ ಅರ್ಧ ಇಂಚು ಖಾಲಿ ಬಿಟ್ಟಿದೆ, ಉಸಿರಾಡಲು. ಭಾರ ಇಳಿಸುವಾಗ ಬ್ರೇಕರ್ ಯಂತ್ರ ಬಳಸಕೂಡದು; ಅದರ ಅದುರಿಗೆ ಅಂಚಿನ ಮೇಲೆ ನಿಂತ ಇಟ್ಟಿಗೆಗಳ ಹಿಡಿತ ಸಡಿಲವಾಗುತ್ತದೆ. ಕೈ ಉಳಿಯಲ್ಲಿ, ಎರಡೂ ತುದಿಯಿಂದ ನಡುವಿಗೆ, ಸಮನಾಗಿ ಇಳಿಸಬೇಕು. ಒಂದು ಕಡೆ ಮಾತ್ರ ಹಗುರವಾದರೆ ಇನ್ನೊಂದು ಕಡೆ ಬಿರುಕು ಬಿಡುತ್ತದೆ.

ಮೂಡಣ ಭಾಗವನ್ನೇ ಎಲ್ಲರೂ ಮೂಲ ಕಟ್ಟಡ ಎನ್ನುತ್ತಿದ್ದರು. ಸಾರಣೆ ತೆಗೆದಾಗ ಗೋಡೆಯಲ್ಲಿ ಮೇಲಿಂದ ಕೆಳಗೆ ನೇರ ಗೆರೆ. ಎರಡೂ ಕಡೆಯ ಇಟ್ಟಿಗೆಗಳು ಒಂದಕ್ಕೊಂದು ಹಲ್ಲು ಕೂಡಿಸಿಲ್ಲ, ಅಳತೆಯೂ ಬೇರೆ. ಆಚೆಯ ಚಾವಣಿ ಮದ್ರಾಸ್ ತಾರಸಿಯಲ್ಲ. ಉಕ್ಕಿನ ತೊಲೆಗಳ ನಡುವೆ ಇಟ್ಟಿಗೆಯ ಕಿರುಕಮಾನು. ತೊಲೆಯ ಮೈ ಉಜ್ಜಿದಾಗ 'ಡಾರ್ಮನ್ ಲಾಂಗ್, ಮಿಡಲ್ಸ್‌ಬ್ರೋ, ಇಂಗ್ಲೆಂಡ್' ಎಂಬ ಉಬ್ಬಚ್ಚು. ಅದು 1875ರಲ್ಲಿ ಶುರುವಾದ ಕಂಪನಿ. ಜಮ್‌ಶೆಡ್‌ಪುರದಲ್ಲಿ ಟಾಟಾ ಉಕ್ಕು ತಯಾರಾಗತೊಡಗಿದ್ದು 1912ರಲ್ಲಿ. ಹಾಗೆಂದು ಇಂಗ್ಲೆಂಡಿನ ತೊಲೆ ಕಂಡರೆ 1912ಕ್ಕಿಂತ ಹಿಂದಿನದು ಎಂದು ಬರೆಯುವಂತಿಲ್ಲ, ಆಮೇಲೂ ಆಮದು ನಡೆದಿತ್ತು. ಮೂಡಣ ಭಾಗ ಆಮೇಲೆ ಸೇರಿದ್ದು ಎಂದಷ್ಟೇ ಗೋಡೆಯ ಗೆರೆ ಹೇಳುತ್ತದೆ, ಅಷ್ಟನ್ನೇ ಬರೆದಿಟ್ಟೆವು.

ಜಗುಲಿಯ ಹೆಂಚಿನ ವಿಷಯದಲ್ಲಿ ಅನೇಕರು ಎಡವುತ್ತಾರೆ. ಮಂಗಳೂರು ಹೆಂಚಿನ ಬೆನ್ನಲ್ಲಿ 1865 ಎಂದೋ 1868 ಎಂದೋ ಕಂಡರೆ ಹೆಂಚು ಆ ವರ್ಷದ್ದು ಎಂದು ಹಿಗ್ಗುತ್ತಾರೆ. ಅದು ಕಾರ್ಖಾನೆ ಶುರುವಾದ ವರ್ಷ. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕೆಲಸ ಆರಂಭಿಸಿದ್ದು 1865ರಲ್ಲಿ. ನೋಡಬೇಕಾದದ್ದು ಹೆಸರು. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು, ಅಚ್ಚು ಬದಲಾಯಿತು. ಅದೂ ಅಲ್ಲದೆ ಹೆಂಚು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ವಸ್ತು. ಇಲ್ಲಿಯ ಜಗುಲಿಯಲ್ಲಿ ಮೂರು ಕಾರ್ಖಾನೆಗಳ ಹೆಂಚು ಬೆರೆತಿತ್ತು.

ಹೊಸ ಗಾರೆಗೆ ಮೊದಲು ಹಳೆಯ ಗಾರೆಯನ್ನು ಅರಿಯಬೇಕು. ಸೂರಿನ ಹತ್ತಿರದ ಗಟ್ಟಿ ತುಂಡೊಂದನ್ನು ಪುಡಿಮಾಡಿ ತೂಗಿ, ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿದರೆ ಸುಣ್ಣ ನೊರೆಯೆದ್ದು ಕರಗುತ್ತದೆ. ಉಳಿದದ್ದನ್ನು ಸೋಸಿ, ಒಣಗಿಸಿ, ಜರಡಿ ಹಿಡಿದರೆ ಮರಳು, ಸುರ್ಕಿಯ (ಇಟ್ಟಿಗೆ ಪುಡಿಯ) ಪಾಲು ಗೊತ್ತಾಗುತ್ತದೆ. ಕರಾವಳಿಯ ಕಟ್ಟಡಕ್ಕೆ ಈ ಪರೀಕ್ಷೆ ಮೋಸ ಮಾಡಬಹುದು, ಮರಳಿನ ಚಿಪ್ಪೂ ಸುಣ್ಣದ ಜೊತೆ ಕರಗಿಬಿಡುತ್ತದೆ. ಇಲ್ಲಿ ಒಂದು ಸುಣ್ಣಕ್ಕೆ ಮೂರು ಪಾಲು ಮರಳು, ಸುರ್ಕಿ ಬಂತು. ಸುಟ್ಟ ಸುಣ್ಣದ ಕಲ್ಲನ್ನು ತೊಟ್ಟಿಯಲ್ಲಿ ಅರಳಿಸಿ, ಸೋಸಿ, ನೀರಿನಡಿ ಎರಡು ತಿಂಗಳು ಇಟ್ಟೆವು; ಹದಿನೈದು ದಿನಕ್ಕಿಂತ ಕಡಿಮೆ ಇಟ್ಟರೆ ಅರಳದ ಕಾಳುಗಳು ಗೋಡೆ ಮೇಲೆ ಅರಳಿ ಗುಳಿ ಬೀಳುತ್ತದೆ. ಅರಳಿಸುವಾಗ ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರಲ್ಲ. ಸಿಡಿದರೆ ಕಣ್ಣು ಹೋಗುತ್ತದೆ, ಕನ್ನಡಕ ಕಡ್ಡಾಯ. ಕಲಸುವ ನೀರಿಗೆ 100 ಲೀಟರಿಗೆ ಮೂರು ಕೆ.ಜಿ. ಬೆಲ್ಲ, ಒಂದೂವರೆ ಕೆ.ಜಿ. ಅಳಲೆಕಾಯಿ ನೆನೆಸಿದ್ದು. ಬೆಲ್ಲ ಹೆಚ್ಚಾದರೆ ಗಾರೆ ಹದಕ್ಕೆ ಬರುವುದು ತಡವಾಗುತ್ತದೆ, ಇರುವೆಯೂ ಬರುತ್ತದೆ.

ಗಾರೆ ಸಿದ್ಧವಿದ್ದರೂ ಗೋಡೆ ಸಿದ್ಧವಿರಲಿಲ್ಲ. ದಪ್ಪದ ಒಂದು ಇಂಚಿಗೆ ಒಂದು ತಿಂಗಳು ಒಣಗಲು ಬೇಕು ಎಂಬುದು ಈ ಕೆಲಸದವರ ಲೆಕ್ಕ. 18 ಇಂಚಿಗೆ ಒಂದೂವರೆ ವರ್ಷ. ಪ್ರದರ್ಶನದ ದಿನಾಂಕ ಹತ್ತಿರ ಬಂತೆಂದು ಒತ್ತಡ ಬರುವುದು ಇಲ್ಲೇ, ಹೆಚ್ಚಿನ ಕೆಲಸ ಕೆಡುವುದೂ ಇಲ್ಲೇ. ಪಡುವಣ ಗೋಡೆಯ ಕೆಳಭಾಗವನ್ನು ಬರಿ ಇಟ್ಟಿಗೆಯಾಗಿಯೇ ಬಿಟ್ಟು ಉಳಿದ ಕೋಣೆಗಳನ್ನು ತೆರೆದೆವು. ಆ ಅವಧಿಯಲ್ಲಿ ಕಾಗದದ ರೊಜ್ಜು, ಜೇಡಿಯನ್ನು ಶುದ್ಧ ನೀರಿನಲ್ಲಿ ಕಲಸಿ ಇಟ್ಟಿಗೆಗೆ ಮೆತ್ತಿ, ಒಣಗಿದಾಗ ಉಪ್ಪಿನ ಸಮೇತ ಕಿತ್ತೆವು, ಮೂರು ಸಲ. ಉಪ್ಪು ಅಳೆಯುವ ಪರೀಕ್ಷಾ ಪಟ್ಟಿಯಲ್ಲಿ ನೋಡಿದಾಗ ನೈಟ್ರೇಟು ಉಪ್ಪು ಪ್ರತಿ ಸಲವೂ ತಗ್ಗಿತು, ಪೂರ್ತಿ ಹೋಗಲಿಲ್ಲ. ಪೂರ್ತಿ ಹೋಗುವುದೂ ಇಲ್ಲ. ಆಮೇಲೆ ಹಾಕಿದ ಮೊದಲ ಗಾರೆ ಉಳಿದ ಉಪ್ಪನ್ನು ಹೀರಿಕೊಳ್ಳಲೆಂದೇ ಹಾಕಿದ್ದು. ಕೆಲವು ವರ್ಷಕ್ಕೆ ಅದು ಉದುರಿದರೆ ಮತ್ತೆ ಹಾಕಬೇಕು ಎಂದು ನಿರ್ವಹಣೆಯ ಪುಸ್ತಕದಲ್ಲಿ ಬರೆದಿದೆ.

ಗೋಡೆ ಮುಚ್ಚುವ ಮುಂಚೆ ಏನು ಸಿಕ್ಕಿತು, ಏನು ಮಾಡಿದೆವು ಎಂಬುದನ್ನು ಕಟ್ಟಡದಲ್ಲೇ ಬಿಡಬೇಕೆಂಬುದು ನಮ್ಮ ಪಟ್ಟು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಸೇನ್ಸ್‌ಬರಿ ವಿಭಾಗದ ನವೀಕರಣದಲ್ಲಿ, 2023ರಲ್ಲಿ, ಒಂದು ಹುಸಿ ಕಂಬ ಒಡೆದಾಗ ಒಳಗೆ ಪತ್ರ ಸಿಕ್ಕಿತು. ಕಟ್ಟಡಕ್ಕೆ ಹಣ ಕೊಟ್ಟ ಜಾನ್ ಸೇನ್ಸ್‌ಬರಿ 1990ರಲ್ಲಿ ಬರೆದಿಟ್ಟದ್ದು: ಈ ಕಂಬಗಳು ವಾಸ್ತುಶಿಲ್ಪಿಯ ತಪ್ಪು, ಇವನ್ನು ತೆಗೆಯಲು ನಿಮ್ಮ ಪೀಳಿಗೆ ನಿರ್ಧರಿಸಿದ್ದು ನನಗೆ ಸಂತೋಷ ಎಂಬ ಅರ್ಥದ ಮಾತು. ಅದು ಅಭಿಪ್ರಾಯದ ಪತ್ರ. ನಾವು ಇಟ್ಟದ್ದು ಬಳಕೆಯ ಪತ್ರ: ಗಾರೆಯ ಪಾಲು, ಮೋರಿಯ ನಕ್ಷೆ, ತುದಿ ಬದಲಿಸಿದ ಜಂತೆಗಳ ಸಂಖ್ಯೆ, ಬಳ್ಳಿಪಟ್ಟಿ ಎಲ್ಲಿಂದ ಎಲ್ಲಿಯವರೆಗೆ ಮುಚ್ಚಿದೆ ಎಂಬ ಅಳತೆ. ಆಮ್ಲವಿಲ್ಲದ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು, ಗಾಜಿನ ಭರಣಿಯಲ್ಲಿಟ್ಟು, ಪಂಖಾ ತೂತಿನ ಪಕ್ಕದ ಗೂಡಿನಲ್ಲಿ ಇಡಲಾಗಿದೆ. ಅದರ ಒಂದು ನಕಲು ಕಚೇರಿಯಲ್ಲೂ ಇದೆ.

ಪಡುವಣ ಗೋಡೆಗೆ ಜಲವರ್ಣ ಚಿತ್ರ, ಛಾಯಾಚಿತ್ರ ಇನ್ನೂ ಹಾಕುವುದಿಲ್ಲ. ಅವು ಒಳಗಿನ ಅಡ್ಡಗೋಡೆಯಲ್ಲಿವೆ, 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಮೀರದ ಮಂದ ಬೆಳಕಿನಲ್ಲಿ. ಎಲ್ಲ ಚೌಕಟ್ಟುಗಳ ಹಿಂದೆ ನಾಲ್ಕು ಮೂಲೆಗೂ ಒಂದಿಂಚಿನ ಬಿರಡೆ ತುಂಡು ಅಂಟಿಸಿದೆ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಲೆಂದು. ಹೊರಗೆ ಪೇವರ್ ತೆಗೆದು ನೆಲ ತಗ್ಗಿಸಲಾಗಿದೆ. ಮೋರಿಯ ಮೇಲೆ ಚಪ್ಪಡಿ ಹಾಸಿದೆ, ಆದರೆ ಸಂದಿಗೆ ಗಾರೆ ತುಂಬಿಲ್ಲ. ಕೊಕ್ಕೆ ಹಾಕಿ ಇಬ್ಬರು ಎತ್ತಬಹುದು. ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಹಿಂಗಾರು ಮುಗಿದ ಮೇಲೆ ಡಿಸೆಂಬರಿನಲ್ಲಿ ಒಮ್ಮೆ ಎತ್ತಿ ಹೂಳು ತೆಗೆದು, ಮೇಲಿನ ತುದಿಯಲ್ಲಿ ಒಂದು ಬಿಂದಿಗೆ ನೀರು ಸುರಿದು, ಕೆಳತುದಿಯಲ್ಲಿ ಬರುತ್ತದೆಯೇ ಎಂದು ನೋಡಬೇಕು.